ತೊಟ್ಟಿ ತುಂಬಿದರೂ ನಿಲ್ಲದ ಮೋಟಾರು

ಕರು ಹಾಕಿದ ಹಸು ಏಕೆ ಏಳಲಿಲ್ಲ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ತೆಂಗಿನ ತೋಟವಿರುವ ಮನೆಯಲ್ಲಿ ಸಾಮಾನ್ಯವಾಗಿ ಒಂದಾದರೂ ಸೀಮೆಹಸು ಇರುತ್ತದೆ. ಕೊಬ್ಬರಿಯ ದುಡ್ಡು ಕೈಗೆ ಬರಲು ತಿಂಗಳುಗಟ್ಟಲೆ ಕಾಯಬೇಕು; ನಡುವಿನ ಖರ್ಚಿಗೆ ಡೇರಿ ಹಾಲೇ ಆಸರೆ. ಹಾಗಾಗಿ ಈಗ ಹೇಳುವ ದೃಶ್ಯ ಈ ಕಡೆಯವರಿಗೆ ಹೊಸದಲ್ಲ. ಮೂರನೆಯ ಸೂಲಿನ ಹಸು ರಾತ್ರಿ ಸುಸೂತ್ರವಾಗಿ ಕರು ಹಾಕಿದೆ. ಬೆಳಗ್ಗೆ ಗಿಣ್ಣುಹಾಲು ಕರೆದಾಗಿದೆ, ಅಕ್ಕಪಕ್ಕದ ಮನೆಗೂ ಹಂಚಿಯಾಗಿದೆ. ಮಧ್ಯಾಹ್ನದ ಹೊತ್ತಿಗೆ ಹಸುವಿನ ಹಿಂಗಾಲು ತಡವರಿಸುತ್ತದೆ, ಮೈ ಸಣ್ಣಗೆ ನಡುಗುತ್ತದೆ. ಸಂಜೆಗೆ ಕೊಟ್ಟಿಗೆಯಲ್ಲಿ ಕುಸಿದು, ಕತ್ತನ್ನು ಪಕ್ಕೆಯ ಕಡೆಗೆ ಮಡಿಚಿಕೊಂಡು ಮಲಗಿಬಿಡುತ್ತದೆ. ಕಿವಿ ಮುಟ್ಟಿದರೆ ತಣ್ಣಗಿದೆ. ಎಬ್ಬಿಸಿದರೂ ಏಳುವುದಿಲ್ಲ.

ಪಶುವೈದ್ಯರು ಬಂದು ಕತ್ತಿನ ರಕ್ತನಾಳಕ್ಕೆ ಸೂಜಿ ಹಾಕಿ ಒಂದು ಬಾಟಲಿ ಕ್ಯಾಲ್ಸಿಯಂ ಬೋರೊಗ್ಲುಕೊನೇಟ್ ದ್ರವವನ್ನು ನಿಧಾನಕ್ಕೆ ಹರಿಸುತ್ತಾರೆ. ಕಣ್ಣು ಬಾಟಲಿಯ ಮೇಲೆ, ಕಿವಿ ಹಸುವಿನ ಎದೆಬಡಿತದ ಮೇಲೆ. ಅವಸರ ಮಾಡಿದರೆ ಅದೇ ಕ್ಯಾಲ್ಸಿಯಂ ಗುಂಡಿಗೆಯನ್ನು ನಿಲ್ಲಿಸಿಬಿಡಬಲ್ಲದು. ಬಾಟಲಿ ಮುಗಿಯುತ್ತ ಬಂದಂತೆ ಹಸು ತೇಗುತ್ತದೆ, ಸಗಣಿ ಹಾಕುತ್ತದೆ, ಒಣಗಿದ್ದ ಮೂಗಿನ ಮೇಲೆ ಮತ್ತೆ ಹನಿ ಮೂಡುತ್ತದೆ. ಸ್ವಲ್ಪ ಹೊತ್ತಿಗೆ ಎದ್ದು ನಿಂತು ಕರುವನ್ನು ಹುಡುಕುತ್ತದೆ.

ಇದು ಹಾಲುಜ್ವರ. ಹೆಸರಿನಲ್ಲಿ ಜ್ವರವಿದೆ, ಮೈಯಲ್ಲಿಲ್ಲ. ಕ್ಯಾಲ್ಸಿಯಂ ಕಡಿಮೆಯಾಗಿತ್ತು, ಕೊಟ್ಟರು, ಎದ್ದಿತು ಎಂದು ಮಾತು ಮುಗಿಸಬಹುದು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಆ ಹಸುವಿನ ಮೂಳೆಗಳಲ್ಲಿ ಕಿಲೋಗಟ್ಟಲೆ ಕ್ಯಾಲ್ಸಿಯಂ ಇದೆ. ಬಾಟಲಿಯಲ್ಲಿದ್ದದ್ದು ಕೆಲವೇ ಗ್ರಾಂ. ಅಟ್ಟದ ತುಂಬ ಕಾಯಿ ಪೇರಿಸಿಟ್ಟ ಮನೆಯಲ್ಲಿ ಸಾರಿಗೆ ಒಂದು ಹೋಳು ಕಾಯಿಲ್ಲದೆ ಪರದಾಡಿದ ಹಾಗಾಯಿತಲ್ಲ! ಅಟ್ಟದಿಂದ ಇಳಿಸಿಕೊಡುವವರು ಅಂದು ಎಲ್ಲಿ ಹೋಗಿದ್ದರು?

ಹಾಗೆ ಇಳಿಸಿಕೊಡುವವರ ಕಥೆಯೇ ಈ ಅಧ್ಯಾಯ. ಹಸುವಿನ ಕತ್ತಿನಲ್ಲಿರುವಂತೆ ನಮ್ಮ ಕತ್ತಿನಲ್ಲೂ ಅವರಿದ್ದಾರೆ.

ತೊಟ್ಟಿ, ಬೋರ್‌ವೆಲ್, ಆಟೋ ಸ್ಟಾರ್ಟರ್

ಕ್ಯಾಲ್ಸಿಯಂ ಎಂದರೆ ಮೂಳೆ, ಹಲ್ಲು ಎಂದಷ್ಟೇ ನಾವು ನೆನೆಯುತ್ತೇವೆ. ವಯಸ್ಕರ ದೇಹದಲ್ಲಿ ಸುಮಾರು 1 ಕಿಲೋ ಕ್ಯಾಲ್ಸಿಯಂ ಇದ್ದು, ನೂರಕ್ಕೆ 99 ಪಾಲು ಮೂಳೆ ಹಲ್ಲುಗಳಲ್ಲೇ ಇರುವುದು ನಿಜ. ಆದರೆ ಜೀವ ನಿಂತಿರುವುದು ಉಳಿದ ಆ ಚೂರಿನ ಮೇಲೆ. ರಕ್ತದ ದ್ರವದಲ್ಲಿ ಯಾವ ಹೊತ್ತಿನಲ್ಲಿ ಅಳೆದರೂ ಸಿಗುವುದು ಒಟ್ಟಾರೆ ಮೂರನೇ ಒಂದು ಗ್ರಾಂ. ಗುಂಡಿಗೆ ಬಡಿಯುವುದಕ್ಕೆ, ಸ್ನಾಯು ಬಿಗಿದು ಸಡಿಲುವುದಕ್ಕೆ, ನರ ಸುದ್ದಿ ಮುಟ್ಟಿಸುವುದಕ್ಕೆ, ಗಾಯದ ರಕ್ತ ಹೆಪ್ಪುಗಟ್ಟುವುದಕ್ಕೆ ಈ ಚೂರೇ ಬೇಕು. ಪ್ರಯೋಗಾಲಯದ ಲೆಕ್ಕದಲ್ಲಿ ಅದು 100 ಮಿಲಿಲೀಟರಿಗೆ 8.5ರಿಂದ 10.5 ಮಿಲಿಗ್ರಾಂ. ಉಪವಾಸವಿದ್ದರೂ ಹಬ್ಬದೂಟ ಉಂಡರೂ ಅದು ಈ ಗೆರೆಗಳ ನಡುವೆಯೇ ಇರಬೇಕು.

ಇದು ಹೇಗೆ ಸಾಧ್ಯ ಎಂದು ತಿಳಿಯಲು ತೋಟಕ್ಕೆ ಹೋಗೋಣ. ಬೋರ್‌ವೆಲ್ ನೀರು ತೊಟ್ಟಿಗೆ ಬೀಳುತ್ತದೆ, ತೊಟ್ಟಿಯಿಂದ ಹನಿಕೊಳವೆಗಳಿಗೆ ಹೋಗುತ್ತದೆ. ತೊಟ್ಟಿಯೊಳಗೆ ಮಟ್ಟ ನೋಡುವ ಒಂದು ಸಲಕರಣೆ ಇಳಿಬಿಟ್ಟಿರುತ್ತಾರೆ. ನೀರು ಇಳಿದರೆ ಅದು ಸ್ಟಾರ್ಟರಿಗೆ ಹೇಳುತ್ತದೆ, ಮೋಟಾರು ಓಡುತ್ತದೆ. ತೊಟ್ಟಿ ತುಂಬಿದರೆ ಮತ್ತೆ ಹೇಳುತ್ತದೆ, ಮೋಟಾರು ನಿಲ್ಲುತ್ತದೆ. ರೈತ ಮನೆಯಲ್ಲಿ ಮಲಗಿದ್ದರೂ ತೋಟದ ಕೆಲಸ ನಡೆಯುತ್ತದೆ.

ನಮ್ಮ ದೇಹದಲ್ಲಿ ತೊಟ್ಟಿ ಎಂದರೆ ರಕ್ತ. ಬೋರ್‌ವೆಲ್ ಎಂದರೆ ಮೂಳೆ. ಮಟ್ಟ ನೋಡಿ ಮೋಟಾರನ್ನು ಓಡಿಸಿ ನಿಲ್ಲಿಸುವ ಕೆಲಸ ಪ್ಯಾರಾಥೈರಾಯ್ಡ್ ಗ್ರಂಥಿಗಳದ್ದು. ಇವನ್ನು ನಾವು ಕಾವಲು ಗ್ರಂಥಿಗಳು ಎಂದು ಕರೆಯೋಣ. ರಕ್ತದ ಕ್ಯಾಲ್ಸಿಯಂ ಎಳ್ಳಷ್ಟು ಇಳಿದರೂ ಇವು ತಮ್ಮ ರಸವನ್ನು ರಕ್ತಕ್ಕೆ ಬಿಡುತ್ತವೆ. ಆ ಕಾವಲು ರಸಕ್ಕೆ ವೈದ್ಯರು ಪಿಟಿಎಚ್ ಎನ್ನುತ್ತಾರೆ. ಅದು ಮೂರು ಕಡೆ ಹೋಗಿ ಮೂರು ಮಾತು ಹೇಳುತ್ತದೆ. ಮೂಳೆಗೆ: ನಿನ್ನಲ್ಲಿರುವುದನ್ನು ಸ್ವಲ್ಪ ಬಿಡು. ಮೂತ್ರಪಿಂಡಕ್ಕೆ: ಕ್ಯಾಲ್ಸಿಯಂ ಪೋಲಾಗಲು ಬಿಡಬೇಡ, ವಿಟಮಿನ್ ಡಿಯನ್ನು ಹುರಿಗೊಳಿಸು. ಹೀಗೆ ಹುರಿಗೊಂಡ ವಿಟಮಿನ್ ಡಿ ಮೂಲಕ ಕರುಳಿಗೆ: ಉಂಡ ಅನ್ನದಿಂದ ಇನ್ನಷ್ಟು ಹೀರಿಕೋ. ಮಟ್ಟ ಏರಿದೊಡನೆ ಗ್ರಂಥಿ ಸುಮ್ಮನಾಗುತ್ತದೆ. ರಕ್ತಕ್ಕೆ ಬಿಟ್ಟ ರಸ ಕೆಲವೇ ನಿಮಿಷಗಳಲ್ಲಿ ಅರ್ಧಕ್ಕೆ ಇಳಿಯುವುದರಿಂದ ಮೋಟಾರು ತಟ್ಟನೆ ನಿಲ್ಲಬಲ್ಲದು.

ಈಗ ಹಸುವಿನ ಒಗಟು ಬಿಡಿಸಬಹುದು. 10 ಲೀಟರ್ ಗಿಣ್ಣುಹಾಲಿನಲ್ಲಿ ಸುಮಾರು 23 ಗ್ರಾಂ ಕ್ಯಾಲ್ಸಿಯಂ ಹೊರಹೋಗುತ್ತದೆ. ಆ ಹಸುವಿನ ರಕ್ತದ ದ್ರವದಲ್ಲಿ ಒಂದು ಹೊತ್ತಿಗೆ ಇರುವುದು 3 ಗ್ರಾಂ ಆಸುಪಾಸು. ಹಾಲು ಬತ್ತಿದ್ದ ಎರಡು ತಿಂಗಳು ತೊಟ್ಟಿಯಿಂದ ನೀರು ಹೋಗುತ್ತಿರಲಿಲ್ಲ, ಮೋಟಾರಿಗೂ ಹೆಚ್ಚು ಕೆಲಸವಿರಲಿಲ್ಲ. ಆ ದಿನಗಳಲ್ಲಿ ಮೇವಿನಲ್ಲಿ ಕ್ಯಾಲ್ಸಿಯಂ, ಪೊಟ್ಯಾಸಿಯಂ ಹೆಚ್ಚಾಗಿದ್ದರೆ ಮೂಳೆ, ಮೂತ್ರಪಿಂಡಗಳು ಕಾವಲು ರಸದ ಮಾತಿಗೆ ಓಗೊಡಲು ಇನ್ನೂ ತಡಮಾಡುತ್ತವೆ. ಕರು ಹಾಕಿದ ರಾತ್ರಿ ತೊಟ್ಟಿಯ ತೂಬನ್ನು ಒಮ್ಮೆಲೇ ಕಿತ್ತಂತಾಗುತ್ತದೆ. ಬೋರ್‌ವೆಲ್ಲಿನಲ್ಲಿ ನೀರಿದೆ; ಮೋಟಾರು ವೇಗ ಪಡೆಯಲು ಒಂದೆರಡು ದಿನ ಬೇಕು. ಆ ಒಂದೆರಡು ದಿನದ ಕೊರತೆಯನ್ನು ತುಂಬುವುದು ವೈದ್ಯರ ಬಾಟಲಿ.

ಘೇಂಡಾಮೃಗದ ಕತ್ತಿನಲ್ಲಿ ಸಿಕ್ಕ ಕಾವಲುಗಾರರು

ಕಾವಲು ಗ್ರಂಥಿಗಳು ಸಾಮಾನ್ಯವಾಗಿ ನಾಲ್ಕು. ಗಂಟಲ ಮುಂಭಾಗದಲ್ಲಿ ಚಿಟ್ಟೆಯ ರೆಕ್ಕೆಯಂತೆ ಹರಡಿಕೊಂಡಿರುವ ಥೈರಾಯ್ಡ್ ಗ್ರಂಥಿಯ ಬೆನ್ನಿಗೆ ಅಂಟಿಕೊಂಡು ಆಚೆ ಎರಡು, ಈಚೆ ಎರಡು. ಒಂದೊಂದೂ ಅಕ್ಕಿಕಾಳಿಗಿಂತ ತುಸು ದಪ್ಪ. ತೂಕ 30ರಿಂದ 40 ಮಿಲಿಗ್ರಾಂ. ಸುತ್ತಲಿನ ಕೊಬ್ಬಿನ ಬಣ್ಣಕ್ಕೆ ಹತ್ತಿರದ ಹಳದಿಗಂದು ಬಣ್ಣ. ಎದುರಿಗಿದ್ದರೂ ಕಣ್ಣಿಗೆ ಬೀಳದಷ್ಟು ಸಣ್ಣವು.

ಹಾಗಾಗಿಯೇ ಇವು ಮೊದಲು ಕಂಡದ್ದು ಒಂದು ದೊಡ್ಡ ಪ್ರಾಣಿಯಲ್ಲಿ. ಲಂಡನ್ ಮೃಗಾಲಯಕ್ಕೆ ನಮ್ಮ ದೇಶದಿಂದ ಹೋಗಿದ್ದ ಒಂದು ಘೇಂಡಾಮೃಗ ಸತ್ತಾಗ, ಅದರ ದೇಹವನ್ನು ಸೀಳಿ ನೋಡಿದ ರಿಚರ್ಡ್ ಓವೆನ್ 1850ರಲ್ಲಿ ಥೈರಾಯ್ಡಿಗೆ ಅಂಟಿದ ಒಂದು ಸಣ್ಣ ಹಳದಿ ಗಂಟನ್ನು ಗುರುತಿಸಿದರು. ಸ್ವೀಡನ್ನಿನ ಉಪ್ಸಾಲದಲ್ಲಿ ವೈದ್ಯ ವಿದ್ಯಾರ್ಥಿಯಾಗಿದ್ದ ಐವಾರ್ ಸ್ಯಾಂಡ್‌ಸ್ಟ್ರೋಮ್ ಮೊದಲು ನಾಯಿಯಲ್ಲಿ, ಆಮೇಲೆ ಇತರ ಪ್ರಾಣಿಗಳಲ್ಲಿ, ಕೊನೆಗೆ ಮನುಷ್ಯರಲ್ಲಿ ಇವನ್ನು ಹುಡುಕಿ 1880ರಲ್ಲಿ ವಿವರವಾಗಿ ಬರೆದರು, ಹೆಸರನ್ನೂ ಇಟ್ಟರು. ಮನುಷ್ಯದೇಹದಲ್ಲಿ ಬರಿಗಣ್ಣಿಗೆ ಕಾಣುವ ಅಂಗಗಳಲ್ಲಿ ಇಷ್ಟು ತಡವಾಗಿ ಬೆಳಕಿಗೆ ಬಂದವು ಅಪರೂಪ.

ಇವುಗಳಲ್ಲಿ ಮಟ್ಟ ನೋಡುವ ಸಲಕರಣೆ ಯಾವುದು ಎಂಬುದು ತಿಳಿದದ್ದು ಇನ್ನೂ ಈಚೆಗೆ. ಕ್ಯಾಲ್ಸಿಯಂ ಬಂದು ತಾಗಿದರೆ ಅರಿಯುವ ಪ್ರೋಟೀನನ್ನು ಬಾಸ್ಟನ್ನಿನ ಎಡ್ವರ್ಡ್ ಬ್ರೌನ್, ಸ್ಟೀವನ್ ಹೆಬರ್ಟ್ ಮತ್ತು ಸಂಗಡಿಗರು 1993ರಲ್ಲಿ ಪತ್ತೆ ಮಾಡಿದರು. ಅವರು ಅದನ್ನು ಹುಡುಕಿ ತೆಗೆದದ್ದು ದನದ ಕಾವಲು ಗ್ರಂಥಿಯಿಂದ.

ಒಂದು ಉಬ್ಬಿದೆಯೋ, ನಾಲ್ಕೂ ಉಬ್ಬಿವೆಯೋ?

1925 ಈ ಕಥೆಯಲ್ಲಿ ಮರೆಯಲಾಗದ ವರ್ಷ. ಕೆನಡಾದ ಜೇಮ್ಸ್ ಕಾಲಿಪ್ ದನದ ಗ್ರಂಥಿಗಳಿಂದ ಕಾವಲು ರಸ ತೆಗೆದು ಅದು ರಕ್ತದ ಕ್ಯಾಲ್ಸಿಯಂ ಏರಿಸುವುದನ್ನು ತೋರಿಸಿದರು. ಹಾಲುಜ್ವರಕ್ಕೂ ಈ ಗ್ರಂಥಿಗಳಿಗೂ ನಂಟಿರಬೇಕೆಂದು ಎಡಿನ್‌ಬರೋದ ಡ್ರೈಯರ್ ಮತ್ತು ಗ್ರೇಗ್ ಬರೆದರು. ವಿಯೆನ್ನಾದಲ್ಲಿ ಫೀಲಿಕ್ಸ್ ಮಾಂಡ್ಲ್ ಎಂಬ ಶಸ್ತ್ರವೈದ್ಯರು ಒಬ್ಬ ಟ್ರಾಮ್ ಕಂಡಕ್ಟರನ ಕತ್ತನ್ನು ತೆರೆದರು.

ಆ ಕಂಡಕ್ಟರನ ಮೂಳೆಗಳು ಟೊಳ್ಳಾಗಿ, ನೋವಿನಿಂದ ನಡೆಯಲಾಗದ ಸ್ಥಿತಿ. ಇಂಥ ರೋಗಿಗಳಲ್ಲಿ ಕಾವಲು ಗ್ರಂಥಿ ದಪ್ಪಗಾಗಿರುವುದನ್ನು ಮರಣೋತ್ತರ ಪರೀಕ್ಷೆ ಮಾಡುವವರು ಮೊದಲೇ ಕಂಡಿದ್ದರು. ಮೂಳೆ ಕೆಟ್ಟಿದೆ, ಅದನ್ನು ಸರಿಪಡಿಸಲು ಗ್ರಂಥಿ ಹೆಣಗಾಡಿ ದಪ್ಪಗಾಗಿದೆ ಎಂಬುದು ಆ ಕಾಲದ ನಂಬಿಕೆ. ಮಾಂಡ್ಲ್ ಕೂಡ ಮೊದಲು ಅದನ್ನೇ ನಂಬಿ, ಅಪಘಾತದಲ್ಲಿ ಸತ್ತವರೊಬ್ಬರ ಗ್ರಂಥಿಗಳನ್ನು ಕಂಡಕ್ಟರನ ಮೈಗೆ ಕಸಿ ಮಾಡಿದರು. ಏನೂ ಗುಣ ಕಾಣಲಿಲ್ಲ. ಆಗ ಅವರು ಎದುರು ದಾರಿ ಹಿಡಿದು ಕತ್ತಿನಲ್ಲಿದ್ದ ಗಂಟನ್ನೇ ತೆಗೆದರು. ನೋವು ಇಳಿಯಿತು, ಮೂತ್ರದಲ್ಲಿ ಹೋಗುತ್ತಿದ್ದ ಕ್ಯಾಲ್ಸಿಯಂ ಕಡಿಮೆಯಾಯಿತು, ಮನುಷ್ಯ ಎದ್ದು ಓಡಾಡಿದ. ಕೆಲವು ವರ್ಷಗಳ ನಂತರ ರೋಗ ಮರಳಿತಾದರೂ ದಾರಿ ತೆರೆದಾಗಿತ್ತು.

ಅದಕ್ಕೂ ಹತ್ತು ವರ್ಷ ಮೊದಲು, 1915ರಲ್ಲಿ, ವಿಯೆನ್ನಾದವರೇ ಆದ ರೋಗಶಾಸ್ತ್ರಜ್ಞ ಫ್ರೆಡ್ರಿಕ್ ಶ್ಲಾಗೆನ್‌ಹೌಫರ್ ಒಂದು ಸರಳ ತರ್ಕ ಹೇಳಿದ್ದರು. ಬೇರೆಲ್ಲೋ ಇರುವ ಕೊರತೆಗೆ ಗ್ರಂಥಿಗಳು ಹೆಣಗುತ್ತಿದ್ದರೆ ನಾಲ್ಕೂ ದಪ್ಪಗಾಗಬೇಕಲ್ಲವೇ? ಒಂದೇ ಒಂದು ದಪ್ಪಗಿದ್ದರೆ ಅದೇ ರೋಗದ ಮೂಲ, ಅದನ್ನು ತೆಗೆಯಬೇಕು. ತೋಟದ ಭಾಷೆಯಲ್ಲಿ ಹೇಳುವುದಾದರೆ, ತೊಟ್ಟಿ ಸೋರುತ್ತಿದ್ದರೆ ಇರುವ ಮೋಟಾರುಗಳೆಲ್ಲ ಒಟ್ಟಿಗೆ ಓಡುತ್ತವೆ. ತೊಟ್ಟಿ ತುಂಬಿ ಹರಿಯುತ್ತಿರುವಾಗಲೂ ಒಂದು ಮೋಟಾರು ಓಡುತ್ತಲೇ ಇದ್ದರೆ ಕೆಟ್ಟಿರುವುದು ಅದರ ಸ್ಟಾರ್ಟರು.

ಕಾವಲು ಗ್ರಂಥಿಯ ಕಾಯಿಲೆಗಳ ಬಹುಪಾಲು ತಿಳಿವಳಿಕೆ ಈ ಒಂದು ತರ್ಕದೊಳಗೆ ಅಡಗಿದೆ.

ಎರಡು ಅಂಕಿಗಳನ್ನು ಜೊತೆಗಿಟ್ಟು ಓದಿ

ರಕ್ತಪರೀಕ್ಷೆಯ ವರದಿಯಲ್ಲಿ ಪಿಟಿಎಚ್ ಹೆಚ್ಚಿದೆ ಎಂದಷ್ಟೇ ಇದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ಮೋಟಾರು ಓಡುತ್ತಿದೆ ಎಂಬ ಸುದ್ದಿ ಅದು. ತೊಟ್ಟಿಯಲ್ಲಿ ನೀರೆಷ್ಟಿದೆ ಎಂಬುದನ್ನೂ ನೋಡಬೇಕು.

ಕ್ಯಾಲ್ಸಿಯಂ ಹೆಚ್ಚಿದ್ದೂ ಪಿಟಿಎಚ್ ಹೆಚ್ಚಿದ್ದರೆ, ಸಾಮಾನ್ಯವಾಗಿ ಸ್ಟಾರ್ಟರು ಕೆಟ್ಟಿದೆ. ಇದಕ್ಕೆ ಪ್ರಾಥಮಿಕ ಕಾಯಿಲೆ ಎನ್ನುತ್ತಾರೆ. ಕ್ಯಾಲ್ಸಿಯಂ ಹೆಚ್ಚಿದ್ದಾಗ ಪಿಟಿಎಚ್ ಅಂಕಿ ಸಹಜ ಮಿತಿಯೊಳಗೆ ಇದ್ದರೂ ಅನುಮಾನಿಸಬೇಕು; ತುಂಬಿದ ತೊಟ್ಟಿಗೆ ಮೋಟಾರು ಅಷ್ಟಾದರೂ ಏಕೆ ಓಡಬೇಕು?

ಕ್ಯಾಲ್ಸಿಯಂ ಕಡಿಮೆ ಅಥವಾ ಸಹಜ, ಪಿಟಿಎಚ್ ಹೆಚ್ಚು ಎಂದಿದ್ದರೆ ಸ್ಟಾರ್ಟರು ಸರಿಯಾಗಿಯೇ ಇದೆ. ತೊಟ್ಟಿ ಎಲ್ಲೋ ಸೋರುತ್ತಿದೆ ಅಥವಾ ನೀರಿನ ಒಳಹರಿವು ನಿಂತಿದೆ. ಇದು ದ್ವಿತೀಯಕ ಕಾಯಿಲೆ. ಇಲ್ಲಿ ಹುಡುಕಬೇಕಾದದ್ದು ಗ್ರಂಥಿಯನ್ನಲ್ಲ, ಸೋರುವ ಜಾಗವನ್ನು.

ವರ್ಷಗಟ್ಟಲೆ ಹೀಗೆ ಓಡಿ ಓಡಿ, ಕೊನೆಗೆ ತೊಟ್ಟಿ ತುಂಬಿದರೂ ನಿಲ್ಲುವುದನ್ನೇ ಮರೆತ ಸ್ಥಿತಿ ಮೂರನೆಯದು. ಬಹುಕಾಲ ಮೂತ್ರಪಿಂಡ ಕೆಟ್ಟಿದ್ದವರಲ್ಲಿ, ಹೊಸ ಮೂತ್ರಪಿಂಡ ಹಾಕಿಸಿಕೊಂಡ ಮೇಲೂ ಇದು ಕಾಣಿಸಿಕೊಳ್ಳುವುದುಂಟು.

ಎರಡೂ ಕಡಿಮೆ ಇದ್ದರೆ ಮೋಟಾರಿಗೆ ಸ್ಟಾರ್ಟರೇ ಇಲ್ಲ. ಥೈರಾಯ್ಡ್ ಶಸ್ತ್ರಕ್ರಿಯೆಯ ವೇಳೆ ಈ ಅಕ್ಕಿಕಾಳುಗಳಿಗೆ ಪೆಟ್ಟಾದರೆ, ಅವುಗಳ ರಕ್ತನಾಳ ಕಡಿದರೆ ಹೀಗಾಗುತ್ತದೆ. ಒಂದೆರಡು ದಿನದಲ್ಲಿ ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮುಜುಮು ಶುರುವಾಗಿ, ಕೈ ಸೆಟೆದುಕೊಳ್ಳಬಹುದು. ಹಸು ಸೋತು ಕುಸಿಯುತ್ತದೆ, ಮನುಷ್ಯರ ಸ್ನಾಯು ಸೆಟೆಯುತ್ತದೆ, ಕೊರತೆ ಒಂದೇ.

ನಮ್ಮ ನೆಲದಲ್ಲಿ ತೊಟ್ಟಿ ಎಲ್ಲಿ ಸೋರುತ್ತದೆ?

ಬಿಸಿಲು ಧಾರಾಳವಾಗಿರುವ ನಮ್ಮ ದೇಶದಲ್ಲಿ ವಿಟಮಿನ್ ಡಿ ಕೊರತೆ ವ್ಯಾಪಕವಾಗಿದೆ. ಬಿಸಿಲು ಚರ್ಮಕ್ಕೆ ಬೀಳಬೇಕು; ಮನೆ, ಅಂಗಡಿ, ಕಾರ್ಖಾನೆಯ ನೆರಳಿನಲ್ಲೇ ದಿನ ಕಳೆಯುವವರಿಗೆ, ಮೈತುಂಬ ಬಟ್ಟೆ ಹೊದ್ದು ಓಡಾಡುವವರಿಗೆ ಅದು ದಕ್ಕುವುದು ಕಡಿಮೆ. ವಿಟಮಿನ್ ಡಿ ಇಲ್ಲದೆ ಕರುಳು ಕ್ಯಾಲ್ಸಿಯಂ ಹೀರುವುದಿಲ್ಲ. ಊಟದ ವಿಷಯದಲ್ಲಿ ಈ ಸೀಮೆಯವರ ಪುಣ್ಯವೆಂದರೆ ರಾಗಿ. ತೆಂಗಿನಕಾಯಿಯಲ್ಲಿ ಕ್ಯಾಲ್ಸಿಯಂ ಅತ್ಯಲ್ಪ; 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂ ಮೀರಿ ಇದೆ. ಮುದ್ದೆ ಬಿಟ್ಟು ಬರೀ ಅನ್ನಕ್ಕೆ ಬಿದ್ದ ಮನೆ ಒಂದು ಒಳಹರಿವನ್ನು ತಾನೇ ಕಟ್ಟಿಹಾಕಿದಂತೆ.

ಎರಡನೆಯದು ನೀರು. ತುಮಕೂರು ಜಿಲ್ಲೆಯ ಪಾವಗಡ, ಶಿರಾ ಕಡೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿರುವುದು ಹಳೆಯ ಸಂಕಟ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರಿಲ್ಲದ ಕಡೆ 1.5ರವರೆಗೆ ಒಪ್ಪಬಹುದು ಎಂಬುದು ಭಾರತೀಯ ಮಾನಕ. ಹೆಚ್ಚಾದ ಫ್ಲೋರೈಡ್ ಹಲ್ಲಿಗೆ ಕಂದುಪಟ್ಟಿ ಬಳಿಯುವುದರ ಜೊತೆಗೆ ಮೂಳೆಯನ್ನೂ ಹೊಗುತ್ತದೆ. ಅಡ್ಡಾದಿಡ್ಡಿ ಹೊಸ ಮೂಳೆ ಬೆಳೆಸಿ ರಕ್ತದ ಕ್ಯಾಲ್ಸಿಯಂ ಅನ್ನು ಅಲ್ಲಿಗೆ ಎಳೆದುಕೊಳ್ಳುತ್ತದೆ. ಹೀಗೆ ಕಟ್ಟಿಕೊಂಡ ಮೂಳೆ ಕೇಳಿದಾಗ ಕ್ಯಾಲ್ಸಿಯಂ ಮರಳಿ ಕೊಡುವುದಿಲ್ಲ. ಬೋರ್‌ವೆಲ್ಲೇ ತೊಟ್ಟಿಯ ನೀರು ಕುಡಿದ ಹಾಗೆ. ಫ್ಲೋರೋಸಿಸ್ ರೋಗಿಗಳಲ್ಲಿ ಕಾವಲು ಗ್ರಂಥಿಗಳು ಹೀಗೆ ದುಡಿದು ಹಿಗ್ಗುವುದನ್ನು ಮೀರತ್‌ನ ತಿಯೋತಿಯಾ ಮತ್ತು ಸಂಗಡಿಗರು 1973ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವರದಿ ಮಾಡಿದರು. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವ ಮಕ್ಕಳಿಗೆ ಈ ಹೊಡೆತ ಜೋರು. ಹೇಮಾವತಿ ನಾಲೆಯ ನೀರು ಕಾಣುವ ತಾಲ್ಲೂಕುಗಳಲ್ಲೂ ಹಲವು ಮನೆಗಳು ಬೋರ್‌ವೆಲ್ಲನ್ನೇ ನಂಬಿವೆ; ಬಾವಿ ಆಳಕ್ಕಿಳಿದಷ್ಟೂ ಕುಡಿಯುವ ನೀರನ್ನು ಪರೀಕ್ಷೆಗೆ ಕೊಡುವುದು ಒಳ್ಳೆಯದು.

ಮೂರನೆಯದು ಮೂತ್ರಪಿಂಡ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಂದ ಅದು ಸೋತಾಗ ವಿಟಮಿನ್ ಡಿ ಹುರಿಗೊಳ್ಳುವುದಿಲ್ಲ, ರಂಜಕ ಹೊರಹೋಗುವುದಿಲ್ಲ. ಡಯಾಲಿಸಿಸ್‌ಗೆ ಹೋಗುವವರ ವೈದ್ಯರು ಆಗಾಗ ಪಿಟಿಎಚ್ ನೋಡುವುದು ಇದೇ ಕಾರಣಕ್ಕೆ.

ತೋಟವೋ, ಸಸಿಮಡಿಯೋ?

ಪ್ರಾಥಮಿಕ ಕಾಯಿಲೆ ಎಂದು ತಿಳಿದ ಮೇಲೆ, ಯಾವ ಗ್ರಂಥಿ ಎಂದು ಸ್ಕ್ಯಾನ್‌ಗಳಿಂದ ಹುಡುಕಿ ಶಸ್ತ್ರವೈದ್ಯರು ಅದನ್ನು ತೆಗೆಯುತ್ತಾರೆ. ತೆಗೆದ ತುಣುಕು ರೋಗಶಾಸ್ತ್ರಜ್ಞರ ಮೇಜಿಗೆ ಬರುತ್ತದೆ. ಮೊದಲು ಅದನ್ನು ತೂಗುತ್ತಾರೆ. 40 ಮಿಲಿಗ್ರಾಂ ಇರಬೇಕಾದದ್ದು ಒಂದು ಗ್ರಾಂ, ಎರಡು ಗ್ರಾಂ ತೂಗಿದರೆ ಅಲ್ಲೇ ಅರ್ಧ ಉತ್ತರ ಸಿಕ್ಕಿತು. ಆಮೇಲೆ ಮೇಣದಲ್ಲಿ ಹುದುಗಿಸಿ, ಕೂದಲೆಳೆಗಿಂತ ಎಷ್ಟೋ ತೆಳ್ಳಗೆ ಕೊಯ್ದು, ನೇರಳೆ ಗುಲಾಬಿ ಬಣ್ಣ ಹಾಕಿ, ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ.

ಆರೋಗ್ಯವಂತ ವಯಸ್ಕರ ಗ್ರಂಥಿ ಸರಿಯಾದ ಅಂತರದಲ್ಲಿ ನೆಟ್ಟ ತೆಂಗಿನ ತೋಟದಂತೆ ಕಾಣುತ್ತದೆ. ಜೀವಕೋಶಗಳ ಗುಂಪು, ನಡುವೆ ಬಿಳಿಯ ಬಯಲು. ಆ ಬಿಳಿ ಜಾಗಗಳು ಕೊಬ್ಬಿನ ಕೋಶಗಳು. ತಯಾರಿಯ ವೇಳೆ ಕೊಬ್ಬು ಕರಗಿ ಹೋಗಿ ಬರೀ ಗೂಡು ಉಳಿದಿರುತ್ತದೆ. ಕಾಯಿಲೆಯ ಗ್ರಂಥಿಯಲ್ಲಿ ಈ ಬಯಲೇ ಇರುವುದಿಲ್ಲ. ಸಸಿಮಡಿಯಲ್ಲಿ ಒತ್ತೊತ್ತಾಗಿ ನಿಂತ ಸಸಿಗಳಂತೆ ಕೋಶಗಳು ಅಂಚಿನಿಂದ ಅಂಚಿಗೆ ತುಂಬಿರುತ್ತವೆ. ಗಾಜನ್ನು ಮೆಲ್ಲಗೆ ಸರಿಸುತ್ತ ಹೋದರೆ ಕೆಲವೊಮ್ಮೆ ಒಂದು ಮೂಲೆಯಲ್ಲಿ ತೆಳು ಪೊರೆ ಸಿಗುತ್ತದೆ, ಅದರಾಚೆ ಒತ್ತಿ ಚಪ್ಪಟೆಯಾದ ಹಳೆಯ ತೋಟದ ಒಂದು ಅಂಚು. ಒಂದೇ ಗ್ರಂಥಿಯೊಳಗೆ ಗಂಟು ಬೆಳೆದು ಉಳಿದ ಭಾಗವನ್ನು ಪಕ್ಕಕ್ಕೆ ತಳ್ಳಿದೆ ಎಂಬುದಕ್ಕೆ ಆ ಅಂಚೇ ಸುಳಿವು. ಇದು ಅಡೆನೋಮ, ಕ್ಯಾನ್ಸರ್ ಅಲ್ಲದ ಒಂಟಿಗಂಟು. ಪ್ರಾಥಮಿಕ ಕಾಯಿಲೆಯಲ್ಲಿ ನೂರಕ್ಕೆ ಸುಮಾರು 85 ಇಂಥವೇ.

ಆದರೆ ಆ ಅಂಚು ಎಲ್ಲ ಸಲವೂ ಸಿಗದು. ಒಂದಕ್ಕಿಂತ ಹೆಚ್ಚು ಗ್ರಂಥಿಗಳು ಹಿಗ್ಗಿದ ಕಾಯಿಲೆಯಲ್ಲಿ ಒಂದನ್ನು ಮಾತ್ರ ಕಳಿಸಿದರೆ ಅದೂ ಹೀಗೇ ಕಾಣಬಹುದು. ಒಂದು ಮರ ನೋಡಿ ಇಡೀ ತೋಟದ ರೋಗ ಹೇಳಲಾಗದು. ಹಾಗಾಗಿ ರೋಗಶಾಸ್ತ್ರಜ್ಞರು ಶಸ್ತ್ರವೈದ್ಯರನ್ನು ಕೇಳಲೇಬೇಕು: ಉಳಿದ ಗ್ರಂಥಿಗಳು ಹೇಗಿದ್ದವು? ತೆಗೆದ ಮೇಲೆ ಪಿಟಿಎಚ್ ಇಳಿಯಿತೇ? ಶಸ್ತ್ರಕ್ರಿಯೆಯ ಮೇಜಿನ ಮೇಲೇ ರಕ್ತ ತೆಗೆದು ನೋಡುವ ವ್ಯವಸ್ಥೆ ಈಗ ದೊಡ್ಡ ಆಸ್ಪತ್ರೆಗಳಲ್ಲಿದೆ. ಗಂಟು ತೆಗೆದ 10 ನಿಮಿಷಕ್ಕೆ ಪಿಟಿಎಚ್ ಅರ್ಧಕ್ಕಿಂತ ಕೆಳಗಿಳಿದರೆ, ಕೆಟ್ಟ ಸ್ಟಾರ್ಟರು ಸಿಕ್ಕಿತೆಂದು ಅರ್ಥ. ಇಳಿಯದಿದ್ದರೆ ಇನ್ನೊಂದು ಎಲ್ಲೋ ಓಡುತ್ತಿದೆ. ಕೆಳಗಿನ ಎರಡು ಗ್ರಂಥಿಗಳು ಭ್ರೂಣದಲ್ಲಿ ಎದೆಯ ಕಡೆಗೆ ಇಳಿದು ಬರುವಂಥವು. ಕೆಲವರಲ್ಲಿ ಅವು ಎದೆಗೂಡಿನೊಳಗೇ ಉಳಿದಿರುತ್ತವೆ. ಗ್ರಂಥಿಗಳು ನಾಲ್ಕಕ್ಕಿಂತ ಹೆಚ್ಚಿರುವವರೂ ಇದ್ದಾರೆ.

ಗಿಟುಕು ಬಿಟ್ಟಿತೋ, ಚಿಪ್ಪಿಗೆ ಅಂಟಿತೋ?

ಈ ಗ್ರಂಥಿಗೆ ಕ್ಯಾನ್ಸರ್ ಬರುವುದು ಬಹಳ ಅಪರೂಪ; ಪ್ರಾಥಮಿಕ ಕಾಯಿಲೆಯವರಲ್ಲಿ ನೂರಕ್ಕೆ ಒಬ್ಬರಿಗಿಂತ ಕಡಿಮೆ. ಅದನ್ನು ಗುರುತಿಸುವ ಬಗೆ ಕೊಬ್ಬರಿ ಮಾಡುವವರಿಗೆ ಬೇಗ ತಿಳಿಯುತ್ತದೆ.

ತಿಪಟೂರಿನ ಉಂಡೆ ಕೊಬ್ಬರಿಗೆ ಕಾಯಿ ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಬೇಕು. ಒಳಗಿನ ನೀರು ಹಿಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಡಗಡ ಸದ್ದು ಮಾಡುತ್ತದೆ. ಒಡೆದರೆ ಗಿಟುಕು ಇಡಿಯಾಗಿ ಕೈಗೆ ಬರುತ್ತದೆ. ಅಡೆನೋಮ ಹೀಗೆ ಬಿಟ್ಟುಕೊಂಡ ಗಿಟುಕು. ಶಸ್ತ್ರವೈದ್ಯರ ಬೆರಳಿಗೆ ಸಲೀಸಾಗಿ ಬಿಡಿಸಿಕೊಂಡು ಬರುತ್ತದೆ. ಕ್ಯಾನ್ಸರ್ ಚಿಪ್ಪಿಗೆ ಅಂಟಿದ ಕಾಯಿ. ಗಟ್ಟಿಯಾಗಿ, ಪಕ್ಕದ ಥೈರಾಯ್ಡಿಗೋ ಸ್ನಾಯುವಿಗೋ ಕಚ್ಚಿಕೊಂಡಿರುತ್ತದೆ. ಇಂಥವರಲ್ಲಿ ರಕ್ತದ ಕ್ಯಾಲ್ಸಿಯಂ 14 ಮಿಲಿಗ್ರಾಂ ದಾಟಿರುವುದು, ಪಿಟಿಎಚ್ ಹಲವು ಪಟ್ಟು ಏರಿರುವುದು ಹೆಚ್ಚು.

ಸೂಕ್ಷ್ಮದರ್ಶಕದಲ್ಲಿ ಇಲ್ಲಿ ಮುಖ ನೋಡಿ ಮಣೆ ಹಾಕುವ ಹಾಗಿಲ್ಲ. ನಿರುಪದ್ರವಿ ಗಂಟಿನಲ್ಲೂ ಕೆಲವು ಕೋಶಗಳ ಕೇಂದ್ರಬೀಜ ದೊಡ್ಡದಾಗಿ, ವಿಕಾರವಾಗಿ ಕಾಣಬಹುದು. ಸಾಧುವಾಗಿ ಕಾಣುವ ಕೋಶಗಳೂ ಕ್ಯಾನ್ಸರ್ ಆಗಿರಬಹುದು. ನೋಡಬೇಕಾದದ್ದು ಬೇಲಿಯನ್ನು. ಕೋಶಗಳು ರಕ್ತನಾಳದ ಗೋಡೆ ಒಡೆದು ಒಳನುಗ್ಗಿವೆಯೇ, ನರವನ್ನು ಸುತ್ತುಗಟ್ಟಿವೆಯೇ, ಪಕ್ಕದ ಅಂಗಕ್ಕೆ ಬೇರು ಬಿಟ್ಟಿವೆಯೇ, ದೂರದ ಅಂಗಕ್ಕೆ ಹರಡಿವೆಯೇ? ಇವುಗಳಲ್ಲಿ ಒಂದಾದರೂ ಖಚಿತವಾಗಿ ಕಂಡರೆ ಮಾತ್ರ ಕ್ಯಾನ್ಸರ್ ಎಂಬ ಪದ ಬರೆಯುತ್ತಾರೆ. ಬೇಲಿಯ ಹತ್ತಿರ ಅನುಮಾನವಿದ್ದು ದಾಟಿದ್ದು ಕಾಣದಿದ್ದರೆ ಅಸಹಜ ಗಂಟು ಎಂದು ಬರೆಯುತ್ತಾರೆ. ವರದಿಯಲ್ಲಿ ಆ ಮಾತಿದ್ದರೆ ಹೆದರಬೇಕಿಲ್ಲ. ಆದರೆ ವರ್ಷವರ್ಷವೂ ಕ್ಯಾಲ್ಸಿಯಂ ನೋಡಿಸಿಕೊಳ್ಳುವುದನ್ನು ಬಿಡಬಾರದು.

ಮೂಳೆಯಲ್ಲಿ ಗಂಟು, ಕಾರಣ ಕತ್ತಿನಲ್ಲಿ

ಪಶ್ಚಿಮದ ದೇಶಗಳಲ್ಲಿ 1970ರ ದಶಕದಿಂದ ರಕ್ತಪರೀಕ್ಷೆಯ ಯಂತ್ರಗಳು ಕ್ಯಾಲ್ಸಿಯಂ ಅನ್ನೂ ಸೇರಿಸಿ ಅಳೆಯತೊಡಗಿದವು. ಅಲ್ಲಿ ಈ ಕಾಯಿಲೆ ಹೆಚ್ಚಾಗಿ ಲಕ್ಷಣವೇ ಇಲ್ಲದ ಹಂತದಲ್ಲಿ ಸಿಗುತ್ತದೆ. ನಮ್ಮಲ್ಲಿ ಬಹಳ ಮಂದಿ ಬರುವುದು ಬೋರ್‌ವೆಲ್ ಬತ್ತಿದ ಮೇಲೆ: ಮತ್ತೆ ಮತ್ತೆ ಮೂತ್ರಪಿಂಡದ ಕಲ್ಲು, ಸಣ್ಣ ಏಟಿಗೇ ಮುರಿದ ಮೂಳೆ, ಎದ್ದು ಕೂರಲಾಗದ ಸುಸ್ತು. ಅದೂ ಚಿಕ್ಕ ವಯಸ್ಸಿನಲ್ಲೇ.

ನಲವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳನ್ನು ಊಹಿಸಿಕೊಳ್ಳಿ. ದವಡೆಯಲ್ಲಿ ಒಂದು ಊತ. ಹಲ್ಲಿನ ತೊಂದರೆಯೆಂದು ತೋರಿಸುತ್ತಾರೆ, ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಸೂಕ್ಷ್ಮದರ್ಶಕದಲ್ಲಿ ಹತ್ತಾರು ಕೇಂದ್ರಬೀಜಗಳಿರುವ ದೈತ್ಯ ಕೋಶಗಳು, ನಡುವೆ ಸೋರಿ ಹಳತಾದ ರಕ್ತದ ಕಂದು ಬಣ್ಣ. ಮೂಳೆಯನ್ನು ಕೊರೆಯಲು ಕಾವಲು ರಸ ಕಳಿಸಿದ ಕೂಲಿಗಳು ಇವು. ಆದರೆ ಮೂಳೆಯಲ್ಲಿ ತಾನಾಗಿ ಹುಟ್ಟುವ ದೈತ್ಯಕೋಶದ ಗಂಟೂ ಗಾಜಿನ ಮೇಲೆ ಹೀಗೇ ಕಾಣುತ್ತದೆ. ಎರಡನ್ನೂ ನೋಟದಿಂದಲೇ ಬೇರ್ಪಡಿಸಲಾಗದು. ಅನುಭವಿ ರೋಗಶಾಸ್ತ್ರಜ್ಞರು ಆಗ ವರದಿಯ ಕೊನೆಗೆ ಒಂದು ಸಾಲು ಸೇರಿಸುತ್ತಾರೆ: ರಕ್ತದ ಕ್ಯಾಲ್ಸಿಯಂ ಮತ್ತು ಪಿಟಿಎಚ್ ನೋಡಿ. ಆ ಸಾಲನ್ನು ಓದಿದವರು ಕತ್ತಿನ ಗಂಟನ್ನು ಹುಡುಕುತ್ತಾರೆ. ಅದನ್ನು ತೆಗೆದ ಮೇಲೆ ದವಡೆಯ ಊತ ಬಹಳ ಸಲ ತಾನಾಗಿ ಇಳಿಯುತ್ತದೆ. ಓದದವರು ದವಡೆಯನ್ನೇ ಕತ್ತರಿಸಲು ಹೊರಡಬಹುದು.

ಕತ್ತಿನ ಗಂಟು ತೆಗೆದ ಮೊದಲ ದಿನಗಳಲ್ಲಿ, ವರ್ಷಗಟ್ಟಲೆ ಬರಿದಾಗಿದ್ದ ಮೂಳೆ ರಕ್ತದ ಕ್ಯಾಲ್ಸಿಯಂ ಅನ್ನು ಹಸಿದವರಂತೆ ಎಳೆದುಕೊಳ್ಳುತ್ತದೆ. ಬೆರಳು ಜುಮುಗುಟ್ಟುತ್ತದೆ. ಆಗ ವೈದ್ಯರು ರಕ್ತನಾಳಕ್ಕೆ ನಿಧಾನವಾಗಿ ಕ್ಯಾಲ್ಸಿಯಂ ಗ್ಲುಕೊನೇಟ್ ಹರಿಸುತ್ತಾರೆ. ಕೊಟ್ಟಿಗೆಯಲ್ಲಿ ಹಸುವನ್ನು ಎಬ್ಬಿಸಿದ ಔಷಧದ ಒಡಹುಟ್ಟು ಅದು.

ಕೇಳಲೇಬೇಕಾದ ಒಂದು ಪ್ರಶ್ನೆ

ಕೀಲುನೋವು, ಸೊಂಟನೋವು ಎಂದೊಡನೆ ಅಂಗಡಿಯಿಂದ ಕ್ಯಾಲ್ಸಿಯಂ ಮಾತ್ರೆ ತಂದು ನುಂಗುವ ಅಭ್ಯಾಸ ನಮ್ಮಲ್ಲಿದೆ. ತೊಟ್ಟಿ ಬತ್ತಿದೆಯೋ ತುಂಬಿ ಹರಿಯುತ್ತಿದೆಯೋ ನೋಡದೆ ನೀರು ಸುರಿಯಬೇಡಿ. ನಿಮ್ಮ ಮನೆಯಲ್ಲಿ ಯಾರಿಗಾದರೂ ಮೂತ್ರಪಿಂಡದ ಕಲ್ಲು ಎರಡನೆಯ ಸಲ ಬಂದಿದ್ದರೆ, ಸಣ್ಣ ಏಟಿಗೆ ಮೂಳೆ ಮುರಿದಿದ್ದರೆ, ದವಡೆಯ ಊತದ ವರದಿಯಲ್ಲಿ ದೈತ್ಯ ಕೋಶ ಎಂಬ ಮಾತಿದ್ದರೆ ವೈದ್ಯರನ್ನು ಕೇಳಿ: ರಕ್ತದ ಕ್ಯಾಲ್ಸಿಯಂ ನೋಡಿದ್ದೀರಾ? ಅದು ಹೆಚ್ಚಿದ್ದರೆ ಪಿಟಿಎಚ್ ಕೂಡ ನೋಡೋಣವೇ? ಥೈರಾಯ್ಡ್ ಶಸ್ತ್ರಕ್ರಿಯೆ ಆದವರಿಗೆ ತುಟಿ, ಬೆರಳು ಜುಮುಗುಟ್ಟಿದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ತಿಳಿಸಿ. ಗ್ರಂಥಿ ತೆಗೆಸಿಕೊಂಡವರು ರೋಗಶಾಸ್ತ್ರದ ವರದಿಯನ್ನು ಜೋಪಾನ ಮಾಡಿ. ಅದರ ಗಾಜಿನ ತುಣುಕು, ಮೇಣದ ಅಚ್ಚು ಎಲ್ಲಿವೆ ಎಂದು ವಿಚಾರಿಸಿ ಬರೆದಿಟ್ಟುಕೊಳ್ಳಿ. ಮುಂದೆ ಎರಡನೆಯ ಅಭಿಪ್ರಾಯ ಬೇಕಾದರೆ ಅವೇ ಸಾಕ್ಷಿ.

ರಕ್ತದ ಕ್ಯಾಲ್ಸಿಯಂ ಸಾಮಾನ್ಯ ಪ್ರಯೋಗಾಲಯದಲ್ಲೂ ಆಗುವ, ಹೆಚ್ಚು ದುಬಾರಿಯಲ್ಲದ ಪರೀಕ್ಷೆ. ವರ್ಷಗಟ್ಟಲೆ ಮೂಳೆ ಸವೆಸಿಕೊಂಡವರ ಕಾಯಿಲೆ ಎಷ್ಟೋ ಸಲ ಆ ಒಂದು ಅಂಕಿಯಿಂದಲೇ ಹೊರಬಿದ್ದಿದೆ. ಅದನ್ನು ಕೇಳಿ ಮಾಡಿಸಿಕೊಳ್ಳಿ.